ಬೇಳೆ ಮಿಲ್ಲಿನಲ್ಲಿ ಕೈ ಕೊಯ್ದ ಮೇಲೆ: ಮತ್ತೆ ಚೀಲ ಹೊಲಿಯುವ ತನಕ

ಕಲಬುರಗಿಯಲ್ಲಿ ಫೆಬ್ರುವರಿ ಅಂದರೆ ತೊಗರಿ ರಾಶಿ ಮುಗಿದು, ಬೇಳೆ ಮಿಲ್ಲುಗಳು ಹಗಲು ರಾತ್ರಿ ಓಡುವ ಕಾಲ. ನಾನು ಕಪನೂರ ಕಡೆಯ ಒಂದು ಮಿಲ್ಲಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. 6 ವರ್ಷ ಆಯಿತು. ಮೇಲಿನಿಂದ ತಗಡಿನ ಬಾಯಿಯಲ್ಲಿ ಬೇಳೆ ಇಳಿಯುತ್ತದೆ. ಚೀಲ ಹಿಡಿದು ತುಂಬಿಸಬೇಕು, ಕಾಟಾದ ಮೇಲೆ ತೂಗಬೇಕು, ಕೈ ಮಷೀನಿನಲ್ಲಿ ಚೀಲದ ಬಾಯಿ ಹೊಲಿಯಬೇಕು. ಎಲ್ಲದಕ್ಕೂ ಬಲಗೈ ಬೇಕು.

2025ರ ಫೆಬ್ರುವರಿ 11, ಮಂಗಳವಾರ ಸಂಜೆ ಬೇಳೆ ಇಳಿಯುವುದು ನಿಂತಿತು. ಬಾಯಿ ಕಟ್ಟಿಕೊಂಡಾಗ ನಾವೆಲ್ಲ ಮಾಡುವ ಹಾಗೆ ಕೈ ಹಾಕಿ ಸಡಿಲ ಮಾಡಿದೆ. ಬೇಳೆ ಒಮ್ಮೆಲೇ ಇಳಿಯಿತು, ಚೀಲ ಜಾರಿತು, ಚೀಲದ ಜೊತೆ ಕೈಯೂ ಜಾರಿತು. ಆ ತಗಡಿನ ಅಂಚು ಒಂದು ಕಡೆ ಹರಿದಿತ್ತು. ತೋರುಬೆರಳು ಮತ್ತು ನಡುಬೆರಳಿನ ಬುಡದಲ್ಲಿ ಕೊಯ್ದುಕೊಂಡು ಹೋಯಿತು. ಮೊದಲು ನೋವೇ ಗೊತ್ತಾಗಲಿಲ್ಲ. ಬೇಳೆ ಕೆಂಪಾಗಿದ್ದು ಕಂಡಿತು.

ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದರು. 8 ಹೊಲಿಗೆ ಹಾಕಿ, ಪಟ್ಟಿ ಕಟ್ಟಿ, ಟಿಟಿ ಇಂಜೆಕ್ಷನ್ ಕೊಟ್ಟು, "ವಾರದಾಗ ಸರಿ ಹೋಗ್ತದ" ಅಂದರು. ಬಿಲ್ 3,200 ರೂಪಾಯಿ. ಬೆರಳು ಮಡಚಿ ತೋರಿಸಿ ಅಂತ ಯಾರೂ ಕೇಳಲಿಲ್ಲ. ನನಗೂ ತೋಚಲಿಲ್ಲ.

ಹೊರಗೆ ಬಂದಾಗ ಗುತ್ತೇದಾರ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಯಾರರ ಕೇಳಿದ್ರ ಮನ್ಯಾಗ ಈಳಿಗಿ ಬಡೀತು ಅಂತ ಹೇಳವ್ವ. ಮಿಲ್ಲಿನ ಹೆಸರು ತಗೀಬ್ಯಾಡ. ಬಿಲ್ ನಾ ನೋಡ್ಕೋತೀನಿ." ಸಾವಿರ ರೂಪಾಯಿ ಕೈಗಿಟ್ಟ. ನಾನು ಹೂಂ ಅಂದೆ. ಕೆಲಸ ಹೋದರೆ ಏನು ಗತಿ ಅನ್ನುವ ಭಯ ಇತ್ತು. ಆ ಹೊತ್ತಿಗೆ ಯಾರಾದರೂ ಹೂಂ ಅಂದೇ ಅನ್ನುತ್ತಾರೆ. ಅದಕ್ಕೇ ಇದನ್ನು ಮೊದಲೇ ಬರೆಯುತ್ತಿದ್ದೇನೆ.

ಎರಡನೇ ದಿನ ಮಗಳು ನೀರಿನ ಲೋಟ ಕೊಟ್ಟಳು. ಹಿಡಿಯಲು ಹೋದರೆ ತೋರುಬೆರಳು ನೆಟ್ಟಗೇ ನಿಂತಿದೆ. ಬೇರೆ ಬೆರಳು ಮಡಚುತ್ತವೆ, ಇದು ಕೇಳುವುದೇ ಇಲ್ಲ. ಊತಕ್ಕೆ ಹೀಗಾಗಿರಬೇಕು ಅಂದುಕೊಂಡೆ. ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ, ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು, ಅಲ್ಲೇ ಕಾಲು ಮುರಿದುಕೊಂಡು ಗುಣವಾದವರು. ಅವರು ಕೈ ನೋಡಿದವರೇ ಕೇಳಿದ್ದು, "ಪಗಾರದಾಗ ಇಎಸ್‌ಐ ಹಿಡೀತಾರೇನವ್ವ?" ಇಎಸ್‌ಐ ಅಂದರೆ ಸರ್ಕಾರದ ಕಾರ್ಮಿಕ ವಿಮೆ. ಹೂಂ, ನನ್ನ ಪಗಾರ 12,600, ತಿಂಗಳಿಗೆ 95 ರೂಪಾಯಿ ಹಿಡಿಯುತ್ತಾರೆ. "ಮತ್ತ ಇಲ್ಲಿ ಯಾಕ ಕುಂತಿ? ನಾಳಿ ಮುಂಜಾನಿ ಸೇಡಂ ರೋಡಿಗೆ ಹೋಗು. ಆದದ್ದು ಆದಂಗ ಹೇಳು. ಈಳಿಗಿ ಅಂತ ಒಮ್ಮಿ ಬರಸಿದಿ ಅಂದ್ರ ಮುಂದ ಯಾರೂ ಅಳಿಸಂಗಿಲ್ಲ."

ಫೆಬ್ರುವರಿ 13ಕ್ಕೆ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಗೆ ಹೋದೆ. ಡಾಕ್ಟರು ಪಟ್ಟಿ ಬಿಚ್ಚಿ, ತೋರುಬೆರಳಿನ ನಡು ಗಂಟನ್ನು ತಮ್ಮ ಎರಡು ಬೆರಳಲ್ಲಿ ಗಟ್ಟಿ ಹಿಡಿದು, "ತುದಿ ಮಾತ್ರ ಮಡಚಿ" ಅಂದರು. ಮಡಚಲಿಲ್ಲ. ನಡುಬೆರಳಿಗೂ ಹಾಗೇ ಮಾಡಿದರು. ಅದರ ತುದಿಯೂ ಅಲುಗಲಿಲ್ಲ. ಆಮೇಲೆ ಹತ್ತಿಯ ತುಣುಕಿನಿಂದ ಸವರಿದರು. ತೋರುಬೆರಳಿನಲ್ಲಿ ಹೆಬ್ಬೆರಳಿನ ಕಡೆಯ ಅರ್ಧ ಭಾಗಕ್ಕೆ ಏನೂ ಗೊತ್ತಾಗಲಿಲ್ಲ. ಎರಡು ನಿಮಿಷದ ಪರೀಕ್ಷೆ ಅಷ್ಟೇ. ಬೆರಳು ಮಡಚಲು ಮುಂಗೈಯ ಮಾಂಸಖಂಡದಿಂದ ಹುರಿಯಂಥ ಟೆಂಡನ್‌ಗಳು ಬರುತ್ತವಂತೆ, ಒಂದು ಬೆರಳಿಗೆ ಎರಡು. ತೋರುಬೆರಳಿನವು ಎರಡೂ ಕತ್ತರಿಸಿದ್ದವು, ನಡುಬೆರಳಿನದು ಒಂದು. ಜೊತೆಗೆ ಸ್ಪರ್ಶದ ಒಂದು ನರ. ನಾವು ಎಲ್ಲವನ್ನೂ ನರ ಅನ್ನುತ್ತೇವೆ, ಆದರೆ ಎಳೆಯುವ ಹುರಿ ಬೇರೆ, ಸ್ಪರ್ಶ ಒಯ್ಯುವ ನರ ಬೇರೆ.

ಅಂಗೈ ಅಥವಾ ಬೆರಳು ಕೊಯ್ದರೆ, ಗಾಯ ಎಷ್ಟೇ ಸಣ್ಣದಿರಲಿ, ಹೊಲಿಗೆ ಹಾಕುವ ಮೊದಲೇ ಒಂದೊಂದು ಬೆರಳಿನ ತುದಿ ಮಡಚಿ ನೋಡಿ. ಮಡಚದಿದ್ದರೆ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ತುಂಡಾದ ಹುರಿ ಒಳಗೆ ಹಿಂದಕ್ಕೆ ಸರಿಯುತ್ತದೆ, ದಿನ ಕಳೆದಷ್ಟೂ ಹಿಡಿದು ತಂದು ಜೋಡಿಸುವುದು ಕಷ್ಟ. ನಾನು ಎರಡು ದಿನ ಮನೆಯಲ್ಲಿ ಸುಮ್ನೆ ಕೂತೆ. ಎರಡು ವಾರ ಕೂತಿದ್ದರೆ ಕಥೆ ಬೇರೆ ಆಗುತ್ತಿತ್ತು.

"ಎಲ್ಲಿ ಆಯ್ತು ಇದು?" ಅಂತ ಅವರು ಕೇಳಿದಾಗ ಬಾಯಿ ಒಣಗಿತು. ಹೇಳಿದೆ. ಮಿಲ್ಲಿನಲ್ಲಿ, ಕೆಲಸದ ಹೊತ್ತಿನಲ್ಲಿ, ತಗಡು ಕೊಯ್ದು. ಅವರು ಹಾಗೇ ಬರೆದುಕೊಂಡರು.

ಆ ಒಂದು ಸಾಲಿನ ಬೆಲೆ ಆಮೇಲೆ ಗೊತ್ತಾಯಿತು. ಮನೆಯಲ್ಲಿ ಆದ ಗಾಯ ಅಂದರೆ ಅದು ಸಾಧಾರಣ ಕಾಯಿಲೆ ರಜೆ. ದಿನಗೂಲಿಯ 70% ಸಿಗುತ್ತದೆ, ವರ್ಷಕ್ಕೆ 91 ದಿನ ಮಾತ್ರ, ಅದಕ್ಕೂ ಮೊದಲು ಇಷ್ಟು ದಿನ ಕಂತು ಕಟ್ಟಿರಬೇಕು ಅಂತ ಲೆಕ್ಕ ಇದೆ. ಕೆಲಸದಲ್ಲಿ ಆದ ಗಾಯಕ್ಕೆ 90%. ಡಾಕ್ಟರು ಕೆಲಸಕ್ಕೆ ಆಗುವುದಿಲ್ಲ ಅಂತ ಬರೆಯುವಷ್ಟು ದಿನವೂ ಸಿಗುತ್ತದೆ, ಕಂತಿನ ಲೆಕ್ಕ ಕೇಳುವುದಿಲ್ಲ. ಕೆಲಸಕ್ಕೆ ಸೇರಿ ಒಂದೇ ದಿನ ಆಗಿದ್ದರೂ ಸರಿ. ನನ್ನ ಪಗಾರಕ್ಕೆ ದಿನಕ್ಕೆ 378 ರೂಪಾಯಿ ಬಿತ್ತು, ಭಾನುವಾರವೂ ಸೇರಿ. ಈಳಿಗೆ ಅಂದಿದ್ದರೆ 294.

ಫೆಬ್ರುವರಿ 14ಕ್ಕೆ ಆಪರೇಷನ್ ಆಯಿತು. ಕೈ ಮಾತ್ರ ಮರಗಟ್ಟಿಸಿದ್ದರು. ಎರಡೂವರೆ ತಾಸು ನಾನು ಎಚ್ಚರವೇ ಇದ್ದೆ, ಮೇಲಿನ ದೀಪ ನೋಡುತ್ತಾ ಶರಣಬಸಪ್ಪನ ಹೆಸರು ಹೇಳುತ್ತಾ. ದುಡ್ಡು ಒಂದು ಪೈಸೆ ಕೇಳಲಿಲ್ಲ.

ಇನ್ನು ಕಾಗದದ ವಿಷಯ. ಅಪಘಾತ ಆದರೆ ಮಾಲೀಕರು ಇಎಸ್‌ಐಗೆ ಫಾರ್ಮ್ 12ರಲ್ಲಿ ವರದಿ ಕೊಡಬೇಕು. ಮಿಲ್ಲಿನ ಅಪಘಾತ ಪುಸ್ತಕದಲ್ಲೂ ಬರೆಯಬೇಕು, ಅದು ಫಾರ್ಮ್ 11. ನನ್ನದು ಎರಡೂ ಆಗಿರಲಿಲ್ಲ. ಗುತ್ತೇದಾರ ಫೋನ್ ಎತ್ತುವುದನ್ನೇ ಬಿಟ್ಟ. ಮನೆಯವರು ಆಟೋ ಬಿಟ್ಟು ಮೂರು ದಿನ ಮಿಲ್ಲಿಗೆ ಅಲೆದರು. ಕೊನೆಗೆ ಮಿಲ್ಲಿನ ಲೆಕ್ಕ ಬರೆಯುವ ಮುನೀಮರ ಮುಂದೆ ಆಸ್ಪತ್ರೆಯ ಚೀಟಿ ಇಟ್ಟು, "ಆಸ್ಪತ್ರ್ಯಾಗ ಮಿಲ್ಲಿನ ಹೆಸರು ಆಗಲೇ ಬರದಾರ್ರೀ, ನೀವು ಬರೀಲಿಲ್ಲ ಅಂದ್ರ ಅವರೇ ಬಂದು ಕೇಳ್ತಾರ" ಅಂದರಂತೆ. ಫೆಬ್ರುವರಿ 20ಕ್ಕೆ ವರದಿ ಹೋಯಿತು. ಆ ಹೊತ್ತು ಅಲ್ಲಿದ್ದ ಇಬ್ಬರು ಅಕ್ಕಂದಿರ ಹೆಸರು ಸಾಕ್ಷಿ ಅಂತ ಬರೆಸಿದೆವು. ಅವರು ಹೆದರದೆ ಸಹಿ ಮಾಡಿದರು. ಆ ಋಣ ನನ್ನ ಮೇಲಿದೆ.

ನಿಮಗೆ ಹೀಗಾದರೆ, ಅದೇ ದಿನ ಮುನೀಮರಿಗೋ ಸೂಪರ್‌ವೈಸರಿಗೋ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿ. ಯಾವ ತಾರೀಖು, ಎಷ್ಟು ಗಂಟೆ, ಯಾವ ಮಷೀನು, ಯಾರು ಇದ್ದರು. ಒಂದು ಫೋಟೋ. ನಾನು ಹಾಕಿರಲಿಲ್ಲ. ಆದರೆ ನಮ್ಮ ಪ್ಯಾಕಿಂಗಿನ ಒಬ್ಬ ಹುಡುಗಿ ರಕ್ತ ಬಿದ್ದ ತಗಡಿನ ಫೋಟೋ ತೆಗೆದಿದ್ದಳು. ಅದೇ ಕೆಲಸಕ್ಕೆ ಬಂತು.

ಆಪರೇಷನ್ ಆಗಿ ನಾಲ್ಕು ದಿನಕ್ಕೆ ಫಿಜಿಯೋಥೆರಪಿಗೆ ಕಳಿಸಿದರು. ನಾನು ಕೈ ಮಾಯುವ ತನಕ ಅಲ್ಲಾಡಿಸಬಾರದು ಅಂದುಕೊಂಡಿದ್ದೆ. ಫಿಜಿಯೋ ಮೇಡಂ ಕೈಯ ಹಿಂಬದಿಗೆ ಒಂದು ಸ್ಪ್ಲಿಂಟ್ ಮಾಡಿ ಕಟ್ಟಿದರು. ಮಣಿಕಟ್ಟು ಒಳಗೆ ಬಾಗಿ, ಬೆರಳು ಬುಡದಲ್ಲಿ ಮಡಚಿ, ಕೈಮುಗಿಯಲು ಹೊರಟ ಹಾಗೆ ನಿಲ್ಲುತ್ತದೆ. ಹೀಗಿಟ್ಟರೆ ಹೊಲಿದ ಹುರಿಗೆ ಎಳೆತ ಬೀಳುವುದಿಲ್ಲ. ಎಚ್ಚರ ಇರುವ ತನಕ ಪ್ರತಿ ತಾಸಿಗೆ 10 ಸಲ ಎಡಗೈಯಿಂದ ಬೆರಳುಗಳನ್ನು ಮೆಲ್ಲಗೆ ಅಂಗೈಗೆ ಒತ್ತಬೇಕು, ಆಮೇಲೆ ತಾನಾಗಿ ಸ್ಪ್ಲಿಂಟ್ ಮುಟ್ಟುವ ತನಕ ಬಿಡಿಸಬೇಕು. ತಾನಾಗಿ ಮಡಚುವುದು ಮಾತ್ರ ಬೇಡವೇ ಬೇಡ.

"ಅಕ್ಕಾ, ಚರ್ಮ ಹದಿನೈದು ದಿನಕ್ಕ ಮಾಯ್ತದ. ಹುರಿಗೆ ಮೂರು ತಿಂಗಳು ಬೇಕು. ಅಲ್ಲಾಡಿಸದೇ ಇಟ್ರ ಸುತ್ತಲಿನ ಮಾಂಸಕ್ಕ ಅಂಟ್ಕೋತದ. ಜಾಸ್ತಿ ಅಲ್ಲಾಡಿಸಿದ್ರ ಹರೀತದ. ಎರಡರ ನಡುವ ನಡೀಬೇಕು ನಾವು" ಅಂದರು. ಈ ಜಾಗದಲ್ಲಿ ಹುರಿ ಒಂದು ಬಿಗಿ ಕೊಳವೆಯೊಳಗೆ ಓಡಾಡುತ್ತದಂತೆ, ಅದಕ್ಕೇ ಹಿಂದಿನ ಕಾಲದ ಡಾಕ್ಟರುಗಳು ಇಲ್ಲಿ ಕೈ ಹಾಕಲು ಹೆದರುತ್ತಿದ್ದರಂತೆ. ಅವತ್ತು ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಮಗಳ ಕೈಯಲ್ಲಿ ಬರೆಸಿದೆ. ಅವಳಿಗೆ 9 ವರ್ಷ. ಪ್ರತಿ ತಾಸಿಗೆ ಒಂದು ಗೆರೆ ಎಳೆಯುವ ಕೆಲಸ ಅವಳದೇ ಆಯಿತು. ತಲೆ ಬಾಚುವುದು, ಹೆಣಿಕೆ ಹಾಕುವುದೂ ಅವಳದೇ. ಎಂಟು ಗಂಟೆಗೆ ಶಾಲೆಗೆ ಹೋಗುವ ಹುಡುಗಿ ಏಳಕ್ಕೆ ನನ್ನ ಜಡೆ ಹಾಕಿ ಆಮೇಲೆ ತನ್ನದು ಹಾಕಿಕೊಳ್ಳುತ್ತಿದ್ದಳು.

ಫೆಬ್ರುವರಿ 28ಕ್ಕೆ ಹೊಲಿಗೆ ಬಿಚ್ಚಿದರು. ಮನೆಗೆ ಬಂದವರೆಲ್ಲ "ಅರಾಮಾಯ್ತಲ್ಲ, ಯಾವಾಗ ಕೆಲಸಕ್ಕ?" ಅನ್ನುವವರೇ. ಗುತ್ತೇದಾರನ ಫೋನೂ ಅವತ್ತೇ ಬಂತು. ಸೀಜನ್ ಜೋರಿದೆ, ಒಂದೇ ಕೈಯಲ್ಲಿ ಚೀಲ ಎಣಿಸಿದರೂ ಸಾಕು ಬಾ ಅಂದ. ಗಾಯದ ಗೆರೆ ನೋಡಿದರೆ ನನಗೂ ಹೋಗಿಬಿಡೋಣ ಅನಿಸಿತು. ಮನೆಯಲ್ಲಿ ದುಡ್ಡಿರಲಿಲ್ಲ. ಮೇಡಂ ಕೇಳಿ ಸಿಟ್ಟಾದರು. ಆಪರೇಷನ್ ಆದ ಮೊದಲ ವಾರಗಳಲ್ಲಿ ಹುರಿ ಇರುವುದಕ್ಕಿಂತ ಇನ್ನೂ ಮೆತ್ತಗಾಗುತ್ತದೆ, ಹೊರಗೆ ಚೆನ್ನಾಗಿ ಕಂಡ ಹೊತ್ತಿನಲ್ಲೇ ಜನ ಒಂದು ಬಾಟಲಿ ಮುಚ್ಚಳ ತಿರುಗಿಸಿ ಹರಿದುಕೊಂಡು ಬರುತ್ತಾರೆ ಅಂದರು. ಹೊಲಿಗೆ ಬಿಚ್ಚಿದ ದಿನ ಚರ್ಮದ ಲೆಕ್ಕ ಮುಗಿಯುತ್ತದೆ, ಕೈಯ ಲೆಕ್ಕ ಶುರುವಾಗುತ್ತದೆ. ಇದು ನಿಮ್ಮ ಮನೆಯವರಿಗೂ ಗೊತ್ತಿರಲಿ.

ಐದನೇ ವಾರದಲ್ಲಿ ನನಗೇ ಆ ಗತಿ ಬರುತ್ತಿತ್ತು. ಬೆಳಿಗ್ಗೆ ನಳ ಬಂದಿತ್ತು. ಅತ್ತೆ ತುಂಬಿದ ಕೊಡ ಎತ್ತಿ ಕಟ್ಟೆಗಿಡುವಾಗ ಅದು ವಾಲಿತು. ನಾನು ಪಕ್ಕದಲ್ಲೇ ಇದ್ದೆ. ಯೋಚನೆ ಬರುವ ಮೊದಲೇ ಬಲಗೈ ಹೋಯಿತು. ಸ್ಪ್ಲಿಂಟ್ ಸಮೇತ ಕೊಡದ ಕಂಠಕ್ಕೆ ಬಡಿಯಿತು. ಬೆರಳಲ್ಲಿ ಒಂದು ಚಳುಕು. ಕೊಡ ಬಿತ್ತು, ನೀರೆಲ್ಲ ಹೋಯಿತು, ಅತ್ತೆ ಅದನ್ನು ಬಿಟ್ಟು ನನ್ನ ಕೈ ಹಿಡಿದುಕೊಂಡು ಅಳಲು ಶುರು ಮಾಡಿದರು. ಟಕ್ ಅಂತ ಶಬ್ದ ಬಂದರೆ, ಒಮ್ಮೆಲೇ ಬೆರಳು ಸೋತರೆ ಹರಿದಂತೆ ಅಂತ ಮೇಡಂ ಹೇಳಿದ್ದರು. ಶಬ್ದ ಬಂತೋ ಇಲ್ಲವೋ ನನಗೆ ನೆನಪೇ ಇಲ್ಲ. ಬಸ್ಸಿನಲ್ಲಿ ಆಸ್ಪತ್ರೆ ತನಕ ಆ ಬೆರಳನ್ನೇ ನೋಡುತ್ತಾ ಹೋದೆ. ಮೇಡಂ ಸ್ಪ್ಲಿಂಟ್ ಬಿಚ್ಚಿ, ಬೆರಳನ್ನು ಮಡಚಿಟ್ಟು, "ಇಲ್ಲೇ ಹಿಡೀರಿ, ಜೋರು ಹಾಕಬ್ಯಾಡ್ರಿ" ಅಂದು ತಮ್ಮ ಕೈ ತೆಗೆದರು. ಬೆರಳು ಅಲ್ಲೇ ನಿಂತಿತು. ಸಣ್ಣಗೆ ನಡುಗುತ್ತಾ ನಿಂತಿತು. ಆಪರೇಷನ್ ಆದಮೇಲೆ ಮೊದಲ ಸಲ ಅತ್ತಿದ್ದು ಅವತ್ತೇ.

ಬಸ್ಸಿನ ಮಾತು ಬಂತು. ನಮ್ಮ ಮನೆಯಿಂದ ಸೂಪರ್ ಮಾರ್ಕೆಟ್, ಅಲ್ಲಿಂದ ಸೇಡಂ ರಸ್ತೆ, ಎರಡು ಸಿಟಿ ಬಸ್ಸು. ಮೊದಲ ಆರು ವಾರ ವಾರಕ್ಕೆರಡು ಸಲ, ಆಮೇಲೆ ವಾರಕ್ಕೆ ಐದು ದಿನ. ಶಕ್ತಿ ಯೋಜನೆ ಇರುವುದರಿಂದ ಟಿಕೆಟ್ ದುಡ್ಡು ಇಲ್ಲ, ಆಧಾರ್ ತೋರಿಸಿದರೆ ಆಯಿತು. ಆಟೋದಲ್ಲೇ ಓಡಾಡಬೇಕಿದ್ದರೆ ಎರಡನೇ ತಿಂಗಳಿಗೇ ಬಿಟ್ಟುಬಿಡುತ್ತಿದ್ದೆ, ಇದು ನಿಜ. ಆದರೆ ರಶ್ಶಿನಲ್ಲಿ ಒಂದೇ ಕೈಯಲ್ಲಿ ಕಂಬಿ ಹಿಡಿದು ನಿಲ್ಲುವುದು ಅಪಾಯ. ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಹತ್ತಿ. ಓಪಿಡಿ ಚೀಟಿಗೆ ಬೇಗ ಹೋಗಿ ನಿಲ್ಲಬೇಕು. ಯಾದಗಿರಿ, ಬೀದರ್ ಕಡೆಯಿಂದಲೂ ಜನ ಬಂದಿರುತ್ತಾರೆ. ನೀರಿನ ಬಾಟಲಿ, ರೊಟ್ಟಿ ಕಟ್ಟಿಕೊಂಡು ಹೋಗಿ.

ದುಡ್ಡಿನ ಕಥೆ ಇನ್ನೊಂದು. ಡಾಕ್ಟರು ಪ್ರತಿ ಭೇಟಿಗೆ ಒಂದು ಸರ್ಟಿಫಿಕೇಟ್ ಕೊಡುತ್ತಾರೆ, ಇಂತಾ ತಾರೀಖಿನಿಂದ ಇಂತಾ ತಾರೀಖಿನ ತನಕ ಕೆಲಸಕ್ಕೆ ಆಗುವುದಿಲ್ಲ ಅಂತ. ಅದನ್ನು ಫಾರ್ಮ್ 9ರ ಜೊತೆ ಇಎಸ್‌ಐ ಶಾಖಾ ಕಚೇರಿಗೆ ಕೊಡಬೇಕು. ಎಲ್ಲದರ ಝೆರಾಕ್ಸ್ ತೆಗೆದು, ಅದರ ಮೇಲೆ ಸ್ವೀಕೃತಿ ಸಿಕ್ಕಾ ಹಾಕಿಸಿಕೊಳ್ಳಿ. ಒಂದು ಸರ್ಟಿಫಿಕೇಟ್ ಮುಗಿದ ಮರುದಿನದಿಂದಲೇ ಮುಂದಿನದು ಶುರುವಾಗಬೇಕು. ಮಾರ್ಚಿನಲ್ಲಿ ನಾನು ಒಂದು ದಿನ ತಡವಾಗಿ ಹೋದೆ, ಆ ಒಂದು ದಿನದ್ದು ಬರಲೇ ಇಲ್ಲ.

ದೊಡ್ಡ ಅಡ್ಡಿ ಬಂದಿದ್ದು ಹೆಸರಿನಿಂದ. ಇಎಸ್‌ಐನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರಿದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು. ಎರಡೂ ತಾಳೆ ಆಗದೆ ಹಣ ನಿಂತಿತು. ಮದುವೆ ನೋಂದಣಿ ಪತ್ರದ ನಕಲು ತರಬೇಕಾಯಿತು. ನೋಂದಣಿ ಕಚೇರಿಗೆ ಏಪ್ರಿಲ್ ಮೊದಲ ವಾರ ಫಿಜಿಯೋ ಮುಗಿಸಿ ಎರಡು ಗಂಟೆಗೆ ಹೋದರೆ ಬೀಗ. ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ರಾಜ್ಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಅನ್ನುವುದು ಆ ಗಡಿಬಿಡಿಯಲ್ಲಿ ಮರೆತಿದ್ದೆ. ಆ ಬಿಸಿಲಲ್ಲಿ ವಾಪಸ್ ನಡೆದು ಬಂದದ್ದು ನೆನೆದರೆ ಈಗಲೂ ತಲೆ ಸುತ್ತುತ್ತದೆ. ಪತ್ರ ತಂದು, ಮುನೀಮರ ಸಹಿಯ ಅರ್ಜಿ ಸೇರಿಸಿ ಕೊಟ್ಟ ಮೇಲೆ ಏಪ್ರಿಲ್ 29ಕ್ಕೆ ಮೊದಲ ಹಣ ಬಂತು. ಹನ್ನೊಂದು ವಾರ. ಅಲ್ಲಿಯ ತನಕ ಮಹಿಳಾ ಸಂಘದಿಂದ 15,000 ಸಾಲ ತೆಗೆದು ಸಂಸಾರ ನಡೆಸಿದೆವು. ಹೆಣ್ಣುಮಕ್ಕಳೇ, ಇದನ್ನು ಓದಿದ ಈ ವಾರವೇ ನಿಮ್ಮ ಇಎಸ್‌ಐ ಕಾರ್ಡು, ಆಧಾರ್, ಪಾಸ್‌ಬುಕ್ಕು ಮೂರನ್ನೂ ಪಕ್ಕದಲ್ಲಿಟ್ಟು ಹೆಸರು ಒಂದೇ ಇದೆಯಾ ನೋಡಿ. ಕೈ ಚೆನ್ನಾಗಿರುವಾಗ ಮಾಡುವ ಕೆಲಸ ಇದು.

ಮಾರ್ಚ್ 28ಕ್ಕೆ ಸ್ಪ್ಲಿಂಟ್ ತೆಗೆದರು, ಯುಗಾದಿಗೆ ಎರಡು ದಿನ ಮೊದಲು. ಕೈ ನನ್ನದು ಅನಿಸಲಿಲ್ಲ. ಸಣ್ಣಗಾಗಿ, ಸಿಪ್ಪೆ ಎದ್ದು, ಮುದುಕಿಯ ಕೈಯ ಹಾಗಿತ್ತು. ಮುಷ್ಟಿ ಕಟ್ಟಿ ಅಂದರು. ತೋರುಬೆರಳಿನ ತುದಿ ಅಂಗೈಗೆ 5 ಸೆಂಟಿಮೀಟರ್ ದೂರದಲ್ಲಿ ನಿಂತಿತು. ಮಕ್ಕಳ ಸ್ಕೇಲ್ ಇಟ್ಟು ಅಳೆದು ಬರೆದುಕೊಂಡರು.

ನಿಜವಾದ ದುಡಿಮೆ ಇಲ್ಲಿಂದ. ಮೊದಲು ಕೈಯನ್ನು ಕಾಯಿಸಿದ ಮೇಣದಲ್ಲಿ ಆರೇಳು ಸಲ ಅದ್ದಿ ತೆಗೆಯುತ್ತಾರೆ. ಮೇಣ ಒಂದರ ಮೇಲೊಂದು ಪದರ ಕಟ್ಟುತ್ತದೆ. ಪ್ಲಾಸ್ಟಿಕ್, ಟವೆಲ್ ಸುತ್ತಿ 15 ನಿಮಿಷ ಬಿಟ್ಟರೆ ಗಂಟುಗಳು ಸಡಿಲಾಗುತ್ತವೆ. ಆಮೇಲೆ ಕಲೆಯನ್ನು ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿ ತಿಕ್ಕಬೇಕು, ಮೇಲೆ ಮೇಲೆ ಅಲ್ಲ, ಚರ್ಮದ ಕೆಳಗಿನ ಗಂಟು ಸರಿಯುವ ಹಾಗೆ. ಆಮೇಲೆ ಬೆರಳಿನ ವ್ಯಾಯಾಮ: ಕೊಕ್ಕೆ ಮಾಡುವುದು, ಮುಷ್ಟಿ ಕಟ್ಟುವುದು, ಒಂದೊಂದು ಗಂಟು ಹಿಡಿದು ಮುಂದಿನದನ್ನು ಮಾತ್ರ ಮಡಚುವುದು. ನೋವು ಬರುತ್ತದೆ. ನೋವು ಅರ್ಧ ತಾಸಿನಲ್ಲಿ ಇಳಿದರೆ ಸರಿ, ರಾತ್ರಿಯೆಲ್ಲ ಇದ್ದು ಬೆಳಿಗ್ಗೆ ಬೆರಳು ಊದಿದ್ದರೆ ಜಾಸ್ತಿ ಮಾಡಿದ್ದೀರಿ ಅಂತ ಅರ್ಥ. ಈ ಒಂದು ಅಳತೆ ನನಗೆ ಬಹಳ ಉಪಯೋಗ ಆಯಿತು.

ಸ್ಪರ್ಶಕ್ಕೆ ಬೇರೆ ಪಾಠ. ಹೊಲಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದಂತೆ, ಬುಡದಿಂದ ತುದಿ ಮುಟ್ಟಲು ತಿಂಗಳುಗಳೇ ಬೇಕು. ಅದು ಬೆಳೆಯುವಾಗ ಗಾಯದ ಜಾಗ ಮುಟ್ಟಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು, ತುದಿಯಲ್ಲಿ ಮಾತ್ರ ಏನೂ ಇಲ್ಲ. ಮೇಡಂ ಮೊದಲು ಹತ್ತಿ, ಆಮೇಲೆ ರವೆ, ಆಮೇಲೆ ಜೋಳದ ಕಾಳಿನಲ್ಲಿ ಕೈ ಆಡಿಸಲು ಹೇಳಿದರು. "ಮನ್ಯಾಗ ಏನದ ಅಕ್ಕಾ?" ಅಂದರು. ತೊಗರಿಬೇಳೆ ಅಂದೆ. ಒಂದು ಬೋಗುಣಿ ಬೇಳೆಯಲ್ಲಿ ಒಂದು ರೂಪಾಯಿ ನಾಣ್ಯ, ಒಂದು ಗುಂಡಿ, ಒಂದು ಕೀಲಿ ಹುದುಗಿಸಿಟ್ಟು, ಕಣ್ಣು ಮುಚ್ಚಿ ಹುಡುಕಬೇಕು.

ಆರು ವರ್ಷ ಬೇಳೆಯಲ್ಲೇ ಕೈ ಇಟ್ಟವಳು ನಾನು. ಕಣ್ಣು ಮುಚ್ಚಿ ಫಟ್ಕಾ ಬೇಳೆ ಯಾವುದು, ನುಚ್ಚು ಯಾವುದು, ಎಣ್ಣೆ ಹಚ್ಚಿದ್ದು ಯಾವುದು ಹೇಳುತ್ತಿದ್ದೆ. ಅವತ್ತು ಬೇಳೆಯೊಳಗೆ ಕೈ ಇಟ್ಟರೆ ಮೂರು ಬೆರಳಿಗೆ ಬೇಳೆ, ತೋರುಬೆರಳಿಗೆ ಬರೀ ಒಂದು ಒತ್ತಡ. ನಾಣ್ಯ ಬೆರಳ ಕೆಳಗೇ ಇತ್ತು, ಗೊತ್ತಾಗಲಿಲ್ಲ. ಮಗಳು "ಅವ್ವಾ, ಅಲ್ಲೇ ಅದ" ಅಂದಳು. ಬೋಗುಣಿ ಸರಿಸಿ ಎದ್ದು ಹೋದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮತ್ತೆ ತಂದು ಕೂತೆ. ದಿನಾ ಹತ್ತು ನಿಮಿಷ, ಎರಡು ತಿಂಗಳು. ಜೂನಿನಲ್ಲಿ ಒಂದು ರಾತ್ರಿ ನಾಣ್ಯದ ಅಂಚು ಬೆರಳಿಗೆ ತಾಗಿದ್ದು ಗೊತ್ತಾಯಿತು. ಕೂದಲೆಳೆ ತಾಗಿದ ಹಾಗೆ, ಅಷ್ಟೇ ಸಣ್ಣದು.

ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಒಂಬತ್ತನೇ ವಾರ ಮೇಡಂ ಜೋಳದ ಹಿಟ್ಟು ನಾದಲು, ರೊಟ್ಟಿ ಬಡಿಯಲು ಒಪ್ಪಿದರು, ಮೆತ್ತಗಿನ ಹಿಟ್ಟು, ಎರಡೇ ರೊಟ್ಟಿ. ಖುಷಿಗೆ ನಾನು ಹಂಚಿನ ಮೇಲಿನ ರೊಟ್ಟಿಯನ್ನೂ ಮೊದಲಿನ ಹಾಗೆ ಬೆರಳಿಂದಲೇ ತಿರುವಿ ಹಾಕಿದೆ. ಏನೂ ಆಗಲಿಲ್ಲ ಅಂದುಕೊಂಡೆ. ಊಟಕ್ಕೆ ಕೂತಾಗ ತೋರುಬೆರಳಲ್ಲಿ ಬಟಾಣಿಯಷ್ಟು ಗುಳ್ಳೆ. ಸ್ಪರ್ಶ ಇಲ್ಲದ ಬೆರಳಿಗೆ ಬಿಸಿಯೂ ತಿಳಿಯುವುದಿಲ್ಲ. ಎಂಟು ದಿನ ಮೇಣ ಬಂದ್ ಆಯಿತು. ಚಹಾ ಲೋಟ, ಕುಕ್ಕರ್, ಬೀಡಿ, ಬೆಸುಗೆ ಕೆಲಸ, ಯಾವುದೇ ಇರಲಿ, ಮೊದಲು ಚೆನ್ನಾಗಿರುವ ಕೈಯಿಂದ ಬಿಸಿ ನೋಡಿ.

ಹತ್ತನೇ ವಾರ ಮೇಡಂ, "ನಿಮ್ಮ ಕೆಲಸ ಹೆಂಗಿರ್ತದ, ನನಗ ತೋರಿಸ್ರಿ" ಅಂದರು. ಮನೆಯವರು ಮಿಲ್ಲಿಗೆ ಹೋಗಿ, ಇನ್ನೊಬ್ಬ ಅಕ್ಕ ಚೀಲ ಹೊಲಿಯುವುದನ್ನು ಎರಡು ನಿಮಿಷ ವಿಡಿಯೋ ಮಾಡಿ ತಂದರು. ಅದರಿಂದ ಚಿಕಿತ್ಸೆಯೇ ಬದಲಾಯಿತು. ಕೈ ಮಷೀನು ಐದಾರು ಕೆಜಿ ಇರುತ್ತದೆ, ಅದರ ಬಟನ್ ಒತ್ತುವುದು ತೋರುಬೆರಳೇ, ಜೊತೆಗೆ ಅದು ನಡುಗುತ್ತದೆ. ಸುಮ್ನೆ ಚೆಂಡು ಹಿಸುಕಿ ಈ ಕೆಲಸಕ್ಕೆ ತಯಾರಾಗಲು ಬರುವುದಿಲ್ಲ. ಆಮೇಲಿನ ದಿನಗಳಲ್ಲಿ ಹಿಡಿಕೆ ಇರುವ ಚೀಲದಲ್ಲಿ ಮರಳು ತುಂಬಿ 1 ಕೆಜಿ, 2 ಕೆಜಿ, ಕೊನೆಗೆ 5 ಕೆಜಿ ಎತ್ತಿ ಅಡ್ಡಕ್ಕೆ ಒಯ್ಯುವುದು, ಗೋಣಿಯ ಬಾಯಿ ಮಡಚಿ ಹಿಡಿಯುವುದು, ಬಟ್ಟೆ ಕ್ಲಿಪ್ಪನ್ನು ತೋರುಬೆರಳಿನಿಂದ ಒತ್ತುವುದು ಮಾಡಿಸಿದರು. ನೀವು ಯಾವ ಕೆಲಸದವರೇ ಆಗಲಿ, ಮೊದಲ ತಿಂಗಳಲ್ಲೇ ನಿಮ್ಮ ಕೆಲಸದ ವಿಡಿಯೋ ತೋರಿಸಿ. ಮೂರು ವಾರ ಮೊದಲು ತೋರಿಸಿದ್ದರೆ ಅಂತ ಈಗ ಅನಿಸುತ್ತದೆ.

ಮೇ 9ಕ್ಕೆ 12 ವಾರ. ಹಿಡಿತ ಅಳೆಯುವ ಯಂತ್ರ ಹಿಸುಕಿದೆ. ಎಡಗೈ 23 ಕೆಜಿ, ಬಲಗೈ 11. ಬೆರಳು ಅಂಗೈಗೆ ಒಂದೂವರೆ ಸೆಂಟಿಮೀಟರ್. ಡಾಕ್ಟರು 19ರಿಂದ ಕೆಲಸಕ್ಕೆ ಹೋಗಬಹುದು ಅಂತ ಕೊನೆಯ ಸರ್ಟಿಫಿಕೇಟ್ ಕೊಟ್ಟರು. ನಾನು ಕೇಳಿಕೊಂಡ ಮೇಲೆ ಇನ್ನೊಂದು ಚೀಟಿಯಲ್ಲಿ, 6 ವಾರ ಹಗುರ ಕೆಲಸ, 5 ಕೆಜಿಗಿಂತ ಹೆಚ್ಚು ಎತ್ತಬಾರದು, ನಡುಗುವ ಮಷೀನು ಹಿಡಿಯಬಾರದು ಅಂತ ಬರೆದುಕೊಟ್ಟರು. ಬಾಯಿ ಮಾತಿಗೆ ಬಿಡಬೇಡಿ, ಬರೆಸಿಕೊಳ್ಳಿ.

ಆ ಚೀಟಿ ನೋಡಿ ಗುತ್ತೇದಾರ, "ಪೂರ್ತಿ ಕೆಲಸ ಆಗೋದಾದ್ರ ಬಾ, ಇಲ್ಲಾಂದ್ರ ನಿನ್ನ ಜಾಗಕ್ಕ ಆಗಲೇ ಹುಡುಗಿ ಬಂದಾಳ" ಅಂದ. ರಜೆಯ ಹಣ ತೆಗೆದುಕೊಳ್ಳುತ್ತಿರುವ ದಿನಗಳಲ್ಲಿ ಕೆಲಸದಿಂದ ತೆಗೆಯುವ ಹಾಗಿಲ್ಲ ಅಂತ ಇಎಸ್‌ಐ ಕಾಯ್ದೆಯ 73ನೇ ಕಲಮು ಆಗ (2025ರಲ್ಲಿ) ಹೇಳುತ್ತಿತ್ತು. ಕಾಕಾ ಅದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ನಾನು ಗುತ್ತೇದಾರನ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ನೇರ ಸಾವ್ಕಾರರ ಹತ್ತಿರ ಹೋಗಿ, ಎರಡೂ ಚೀಟಿ ಮುಂದಿಟ್ಟು, "ಮಾಲಕ್ರೀ, ತೂಕದ ಚೀಟಿ ಬರೀತೀನಿ, ಲೇಬಲ್ ಹಚ್ತೀನಿ, ಆರು ವಾರ ಅಷ್ಟೇ ಕೊಡ್ರಿ" ಅಂದೆ. ಅವರು ಸ್ವಲ್ಪ ಹೊತ್ತು ಕೈ ನೋಡಿದರು. ಒಪ್ಪಿದರು. ಅದೇ ಉಸಿರಿನಲ್ಲಿ ಆ ತಗಡಿನ ಅಂಚಿನ ಮಾತೂ ಎತ್ತಿದೆ. ಮೂರು ದಿನದಲ್ಲಿ ಹಳೆಯ ಪಟ್ಟಾ ಕತ್ತರಿಸಿ ಅಂಚಿಗೆ ಸುತ್ತಲೂ ರಬ್ಬರ್ ಹೊಡೆಸಿದರು.

ಒಟ್ಟು 95 ದಿನಕ್ಕೆ 35,910 ರೂಪಾಯಿ ಬಂತು. ಆಸ್ಪತ್ರೆಯಲ್ಲಿ ಖರ್ಚಿಲ್ಲ. ನರ್ಸಿಂಗ್ ಹೋಮಿಗೆ ನಮ್ಮ ಕೈಯಿಂದ 2,200, ಝೆರಾಕ್ಸ್, ಆಟೋ, ಫಾರ್ಮು ಅಂತ 1,900, ಸಂಘದ ಬಡ್ಡಿ. ಸೀಜನ್ನಿನ ಓವರ್‌ಟೈಮ್ ಹೋದದ್ದು, ಮನೆಯವರ ಆಟೋ ನಿಂತದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ಉಳಿದ ಊನಕ್ಕೆ ಮೆಡಿಕಲ್ ಬೋರ್ಡಿಗೆ ಅರ್ಜಿ ಹಾಕಿದ್ದೇನೆ. ಅದರಲ್ಲಿ ದುಡಿಯುವ ಶಕ್ತಿ ಎಷ್ಟು ಕಡಿಮೆ ಆಗಿದೆ ಅಂತ ನೋಡಿ ತಿಂಗಳ ಹಣ ಗೊತ್ತು ಮಾಡುತ್ತಾರೆ. ಅದಕ್ಕೆ ಮೇಡಂ ಬರೆದ ಅಳತೆಗಳ ಹಾಳೆಯೇ ಆಧಾರ. ಕೆಲಸಕ್ಕೆ ಸೇರಿದ ಖುಷಿಯಲ್ಲಿ ಈ ಅರ್ಜಿಯನ್ನು ಮರೆಯಬೇಡಿ.

ಜುಲೈನಿಂದ ಅರ್ಧ ದಿನ ಹೊಲಿಗೆ, ಅರ್ಧ ದಿನ ಲೇಬಲ್. ಸೆಪ್ಟೆಂಬರಿನಿಂದ ಪೂರ್ತಿ. ಹಿಡಿತ ಈಗ 19 ಕೆಜಿ. ತಣ್ಣೀರು ಮುಟ್ಟಿದರೆ ಬೆರಳು ಸೆಟೆದುಕೊಳ್ಳುತ್ತದೆ, ಅದು ಒಂದೆರಡು ಚಳಿಗಾಲ ಇರಬಹುದು ಅಂದಿದ್ದಾರೆ.

ಮೊದಲ ಚೀಲ ಹೊಲಿದ ದಿನ ಇಬ್ಬರು ಅಕ್ಕಂದಿರೂ ಕೆಲಸ ಬಿಟ್ಟು ಪಕ್ಕದಲ್ಲಿ ಬಂದು ನಿಂತರು. ಎಡಗೈಯಲ್ಲಿ ಗೋಣಿಯ ಬಾಯಿ ಮಡಚಿದೆ. ಬಲಗೈಯಲ್ಲಿ ಮಷೀನು. ಬಟನ್ ಒತ್ತಿದ್ದು ಬೆರಳಿಗೆ ಪೂರ್ತಿ ತಿಳಿಯಲಿಲ್ಲ, ಶಬ್ದದಿಂದ ತಿಳಿಯಿತು. ದಾರ ಅರ್ಧಕ್ಕೆ ಬಂದಾಗ ಹೊಲಿಗೆ ಸ್ವಲ್ಪ ಸೊಟ್ಟ ಹೋಯಿತು. ನಿಲ್ಲಿಸಿ, ಬಿಚ್ಚಿ, ಮತ್ತೆ ಹೊಲಿದೆ. ಎರಡನೇ ಸಲ ನೆಟ್ಟಗೆ ಬಂತು. ಹಮಾಲಿ ಮಾಡುವ ಅಣ್ಣ ಬಂದು ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು ಲಾರಿ ಕಡೆ ಹೋದ.